ವಾರಗಿತ್ತಿಯ ಬೆಚ್ಚನೆಯ ಮನೆ

ವಾರಗಿತ್ತಿ ಎದುರಿನ ಖಾಲಿ ಜಾಗದಲ್ಲಿ ವಿದ್ಯಾರ್ಥಿನಿಯರಿಗೆಂದು ಮನೆ ಕಟ್ಟಿಸಿದ ದಿನದಿಂದ ದೊಡ್ಡ ಸೊಸೆಗೆ ಉಂಡದ್ದು ಮೈಗೆ ಹತ್ತಲಿಲ್ಲ. ಕಾಲೇಜಿನ ಹಿಂದಿನ ಆ ಬೀದಿಯಲ್ಲಿ ಇಷ್ಟು ವರ್ಷ ಬಾಡಿಗೆ ಕೋಣೆ ಎಂದರೆ ಅವಳ ಮನೆಯೇ. ಈಗ ನೋಡಿದರೆ ಎದುರುಗಡೆ ದಪ್ಪ ಗೋಡೆಯಂತೆ, ಜೋಡಿ ಗಾಜಿನ ಕಿಟಕಿಯಂತೆ, ಬಿಸಿಲಿನಲ್ಲೇ ಕಾಯುವ ನೀರಂತೆ, ಚಳಿಗಾಲದಲ್ಲೂ ಹೀಟರ್ ಬೇಡವಂತೆ. ಬಾಡಿಗೆ ಎರಡು ಕಡೆಯೂ ಒಂದೇ. ಆದರೆ ಇವಳ ಮನೆಯಲ್ಲಿ ಹೀಟರ್ ಹಾಕಿದರೆ ಹುಡುಗಿಯರು ಕಟ್ಟಬೇಕಾದ ಕರೆಂಟ್ ಬಿಲ್ಲೇ ಇನ್ನೊಂದು ಬಾಡಿಗೆಯಷ್ಟಾಗುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಗಾಳಿಯಾಡದ ಆ ಡಬ್ಬಿಯಲ್ಲಿ ಉಸಿರು ಕಟ್ಟುತ್ತದೆ ಎಂದು ಇವಳು ಬೀದಿಯೆಲ್ಲ ಸಾರಿದ್ದಷ್ಟೇ ಬಂತು.

ಉಳಿದವಳು ನರ್ಸಿಂಗ್ ಓದುವ ಹುಡುಗಿ ಒಬ್ಬಳೇ. ಹಿಂದೊಮ್ಮೆ ಜ್ವರ ಬಂದಾಗ ಮನೆಯೊಡತಿ ಆಂಟಿ ಪಕ್ಕದಲ್ಲೇ ಕೂತು ಆರೈಕೆ ಮಾಡಿದ್ದನ್ನು ಅವಳು ಮರೆತಿರಲಿಲ್ಲ. ಈ ಹುಡುಗಿಯೂ ಹೋದರೆ ವಾರಗಿತ್ತಿಯ ಮುಂದೆ ತಲೆಯೆತ್ತುವುದು ಹೇಗೆ ಎಂಬುದೊಂದೇ ದೊಡ್ಡವಳ ಚಿಂತೆ.

ಒಂದು ಸಂಜೆ ಎದುರುಮನೆಯ ಕಿಟಕಿಯಲ್ಲಿ ಆ ಹುಡುಗಿಯ ತಲೆ ಕಂಡಿತು. ದೊಡ್ಡವಳು ಹೊಟ್ಟೆ ಉರಿದುಕೊಂಡೇ ಬೀದಿ ದಾಟಿ ಬಾಗಿಲು ತಳ್ಳಿದಳು. ಹುಡುಗಿ ಹಳೆಯ ಗೆಳತಿಯರ ಜೊತೆ, ಸ್ವೆಟರ್ ಬಿಚ್ಚಿಟ್ಟು, ಹಾಯಾಗಿ ಓದುತ್ತಿದ್ದಳು.

"ಒಳಗೆ ಬನ್ನಿ ಅಕ್ಕಾ, ಬಾಗಿಲು ಹಾಕಿ. ಬಿಸಿ ಹೋಗುತ್ತೆ," ಎಂದಳು ವಾರಗಿತ್ತಿ.

ಬಿಸಿ ಹೋಗಲಿ ಎಂದೇ ದೊಡ್ಡವಳು ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ಕಂಬದಂತೆ ನಿಂತಳು. ಹುಡುಗಿ ಪುಸ್ತಕ ಮಡಚಿ ಎದ್ದು ಬಂದಳು.

"ನಡೀರಿ ಆಂಟಿ. ಓದೋಕೆ ಬಂದಿದ್ದೆ ಅಷ್ಟೇ. ನಿಮ್ಮನ್ನ ಬಿಟ್ಟು ಎಲ್ಲೂ ಹೋಗಲ್ಲ."

ವಾರಗಿತ್ತಿಯ ಎದುರೇ ಈ ಮಾತು ಬಂತಲ್ಲ ಎಂದು ದೊಡ್ಡವಳು ಮನೆ ಮುಟ್ಟುವವರೆಗೂ ಬೀಗಿದಳು. ಬೆಳಿಗ್ಗೆ ಚಹಾ ಹಿಡಿದು ಕೋಣೆಗೆ ಹೋದರೆ ಹುಡುಗಿ ಕಂಬಳಿ ಹೊದ್ದು, ಎರಡೂ ಕೈಗೆ ಗವಸು ಹಾಕಿ, ಹಲ್ಲಿನಲ್ಲಿ ಕಚ್ಚಿದ ಪೆನ್ಸಿಲ್ಲಿನಿಂದ ಹಾಳೆ ತಿರುವುತ್ತಿದ್ದಳು. ಹೀಟರ್ ಯಾಕೆ ಹಾಕಿಲ್ಲ ಎಂದು ಕೇಳಿದರೆ, ಹಾಕಿದರೆ ಪರೀಕ್ಷೆ ಫೀಸಿಗೆ ಉಳಿಯುವುದಿಲ್ಲ ಎಂದು ನಕ್ಕಳು.

ದೊಡ್ಡವಳಿಗೆ ನಗು ಬರಲಿಲ್ಲ. ಮಧ್ಯಾಹ್ನದೊಳಗೆ ಹುಡುಗಿಯ ಪೆಟ್ಟಿಗೆಯನ್ನು ತಾನೇ ಹೊತ್ತು ಬೀದಿ ದಾಟಿದಳು. ವಾರಗಿತ್ತಿಯ ಮುಖ ಕಂಡರೆ ಈಗಲೂ ಮೈಯೆಲ್ಲ ಉರಿಯುತ್ತಿತ್ತು. ಪೆಟ್ಟಿಗೆ ಒಳಗಿಟ್ಟು, ಬರಲೊಲ್ಲೆ ಎನ್ನುತ್ತಿದ್ದ ಹುಡುಗಿಯನ್ನೂ ಒಳಗೆ ನೂಕಿ, ತಾನು ಹೊರಗೇ ನಿಂತಳು.

"ಬಾಗಿಲು ಹಾಕ್ಕೊಳ್ಳೇ," ಎಂದಳು. "ಬಿಸಿ ಹೋಗುತ್ತೆ."