ಮೂರನೇ ‘ಬೇಡ’

ಡೆನ್ಮಾರ್ಕಿನ ಟೋರ್ನೋ ದ್ವೀಪದಿಂದ ಹೊರಟ ಬೆಳಗಿನ ಎಂಟು ಗಂಟೆಯ ದೋಣಿ ಇಪ್ಪತ್ತು ಮಾರು ಹೋಗಿರಲಿಲ್ಲ, ಜೇನು ಸಾಕುವ ವಿಲ್ಲಾಸ್ ಟೋಪಿ ಬೀಸುತ್ತಾ ದೋಣಿಕಟ್ಟೆಯ ಮೇಲೆ ಓಡಿಬಂದ. ದೋಣಿಯಲ್ಲಿದ್ದ ಡಾಗ್ನಿಗೆ ಹೆದರಿಕೆಯಾಯಿತು. ಹನ್ನೊಂದಕ್ಕೆ ಆಚೆ ದಡದ ಸ್ವೆನ್‌ಬೋರ್ಗ್ ಪಟ್ಟಣದಲ್ಲಿ ಅವಳಿಗೆ ಹಡಗಿನ ಎಂಜಿನಿಯರ್ ಪರೀಕ್ಷೆ. ತಪ್ಪಿದರೆ ಮುಂದಿನ ವರ್ಷವೇ.

ಹೆದರಿಕೆಗೆ ಕಾರಣ ಒಂದು ಸಿನಿಮಾ. ಅರವತ್ತು ವರ್ಷದ ಹಿಂದೆ ಇದೇ ದ್ವೀಪದಲ್ಲಿ ತೆಗೆದದ್ದು. ಕೊನೆಯಲ್ಲಿ ನಾಯಕ ಹೀಗೇ ಓಡಿಬರುತ್ತಾನೆ, ದೋಣಿ ಹಿಂದಿರುಗುತ್ತದೆ. ಪಟ್ಟಣದ ಕೆಲಸಕ್ಕೆ ಹೊರಟ ನಾಯಕಿ ಮೂರು ಸಲ ‘ಬೇಡ’ ಅನ್ನುತ್ತಾಳೆ. ಮೂರನೆಯದನ್ನು ‘ಹೂಂ’ ಎಂದು ತಿಳಿದ ಮಹಾಶಯ ಅವಳನ್ನು ಮೂಟೆಯಂತೆ ಹೊತ್ತುಕೊಂಡು ಹೋಗುತ್ತಾನೆ. ಪ್ರತಿ ಬೇಸಿಗೆ ಇದನ್ನು ನೋಡಿ ನೋಡಿ ಟೋರ್ನೋ ಜನಕ್ಕೆ ಇದೇ ಕಾನೂನಾಗಿಬಿಟ್ಟಿತ್ತು. ಗಂಡಸು ಓಡಿಬಂದರೆ ದೋಣಿ ತಿರುಗಬೇಕು, ಮದುವೆಯಾಗದ ಹೆಂಗಸು ಇಳಿಯಬೇಕು. ಅಂದು ದೋಣಿಯಲ್ಲಿ ಅಂಥವಳು ಡಾಗ್ನಿ ಒಬ್ಬಳೇ.

ಕಪ್ತಾನ ಆಕ್ಸೆಲ್ ದೋಣಿಯನ್ನು ಕಟ್ಟೆಗೆ ತಂದು ನಿಲ್ಲಿಸಿದ. ದೋಣಿಯಲ್ಲಿದ್ದ ಜನ ಚಪ್ಪಾಳೆ ತಟ್ಟಿ ಕೂಗಿದರು.

“ಇಳಿಯಮ್ಮ ಡಾಗ್ನಿ!”

“ಬೇಡ! ಅವನಿಗೂ ನನಗೂ ಏನ್ರೀ ಸಂಬಂಧ?”

“ಒಂದು!” ಎಲ್ಲರಿಗಿಂತ ಜೋರಾಗಿ ಎಣಿಸಿದ್ದು ಹಿಂದಿನ ಬೆಂಚಿನಲ್ಲಿದ್ದ ಇಂಗೆಬೋರ್ಗಜ್ಜಿ.

“ಪರೀಕ್ಷೆ ಇದೆ ಮಾರಾಯ್ರೇ, ಬೇಡ!”

“ಎರಡು!”

ಊದಿದ ಕೆನ್ನೆ ಹಿಡಿದುಕೊಂಡು ವಿಲ್ಲಾಸ್ ಗೋಗರೆದ. “ಹಲ್ಲು ನೋವು ಕಣ್ರಪ್ಪಾ. ಡಾಕ್ಟರ್ ಹತ್ರ ಹೋಗ್ಬೇಕು. ನನ್ನ ಹತ್ತಿಸ್ಕೊಳ್ಳಿ, ಅಷ್ಟು ಸಾಕು.”

“ಹೀರೋನೂ ಮೊದಲು ಹಿಂಗೇ ನಾಚ್ಕೊಂಡಿದ್ದ,” ಎಂದ ಆಕ್ಸೆಲ್. “ಎತ್ಕೊಳ್ಳೋ ಅವಳನ್ನ!”

ಎಣಿಸಲು ಎತ್ತಿದ್ದ ಬೆರಳನ್ನು ಅಜ್ಜಿ ಮಾತ್ರ ಯಾಕೋ ಮಡಚಿಕೊಂಡಳು.

ಡಾಗ್ನಿಗೆ ರೇಗಿಹೋಯಿತು. ಬಾಯಿ ತೆರೆದರೆ ಮೂರಾಗುತ್ತದೆ. ತುಟಿ ಬಿಗಿದುಕೊಂಡು ದಡದಡ ಇಳಿದಳು, ವಿಲ್ಲಾಸ್‌ನನ್ನು ಅನಾಮತ್ತಾಗಿ ಹೆಗಲ ಮೇಲೆ ಹಾಕಿಕೊಂಡಳು, ದೋಣಿಗೆ ತಂದು ಬೆಂಚಿನ ಮೇಲೆ ಕೂರಿಸಿದಳು.

ಚಪ್ಪಾಳೆ ನಿಂತುಹೋಯಿತು. “ಇದು ಸಿನಿಮಾದಲ್ಲಿ ಇಲ್ವಲ್ಲ,” ಎಂದ ಆಕ್ಸೆಲ್ ಕಕ್ಕಾಬಿಕ್ಕಿಯಾಗಿ. ಮುಂದೇನು ಮಾಡಬೇಕೆಂದು ಪಾಪ ಅವನಿಗೆ ತೋಚಲಿಲ್ಲ.

“ಬಿಡೋ ದೋಣೀನ!” ಅಜ್ಜಿ ಗದರಿದಳು. ಅವನು ಬಿಟ್ಟ.

ಕಟ್ಟೆ ದೂರವಾದ ಮೇಲೆ ಅಜ್ಜಿ ಡಾಗ್ನಿಯ ಪಕ್ಕ ಬಂದು ಕೂತಳು.

“ನಾನೂ ಒಂದ್ಸಲ ಅದೇ ಕಟ್ಟೇಲಿ ಇಳಿದೆ ಕಣೇ. ನರ್ಸಿಂಗ್ ಕಲಿಯೋಕೆ ಹೊರಟಿದ್ದೆ. ನಮ್ಮೆಜಮಾನ್ರು ಓಡಿಬಂದ್ರು, ಜನ ಮೂರು ಎಣಿಸಿದ್ರು. ಐವತ್ತು ವರ್ಷ ಸಂಸಾರ ಮಾಡಿದ್ವಿ.”

“ಮತ್ತೇನಜ್ಜಿ, ಒಳ್ಳೇದೇ ಆಯ್ತಲ್ಲ.”

“ಅವರು ಸಾಯೋ ಹಿಂದಿನ ದಿನ ಕೇಳಿದೆ, ಅವತ್ತು ಯಾಕೆ ಹಂಗೆ ಓಡಿಬಂದ್ರಿ ಅಂತ. ಅವರಿಗೂ ದೋಣಿ ಹತ್ತಬೇಕಿತ್ತಂತೆ.”