ಬಾಲಮಣಿಯ ನಾಮಪತ್ರ

“ಇಕಿ ಪಕ್ಕಾ ಮಾದರಾಕಿ ರೀ ಸಾಹೇಬ್ರ! ನಾ ಹೇಳ್ಲಾಕತ್ತೀನಲ್ಲ, ಮತ್ತೇನು ಸಬೂತ ಬೇಕು ನಿಮಗ?”

ಜಹೀರಾಬಾದಿನ ತಹಶೀಲ್ದಾರರ ಮೇಜಿನ ಮುಂದೆ ಮನ್ಮಥಪ್ಪ ಪಟೇಲರು ಬೆವರೊರೆಸಿಕೊಳ್ಳುತ್ತ ಅಂಗಲಾಚುತ್ತಿದ್ದರು. ಬಾಗಿಲ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ಬಾಲಮಣಿ ನಿಂತಿದ್ದಳು. ಇಪ್ಪತ್ತಾರು ವರ್ಷ ಅವರ ಕೊಟ್ಟಿಗೆಯ ಸೆಗಣಿ ಬಳಿದವಳು, ಅವರ ಕಬ್ಬು ಕಡಿದವಳು. ಅವಳ ಜಾತಿ ಹಿಡಿದು ಪಟೇಲರು ಬೈಯದ ದಿನವಿಲ್ಲ. ಇವತ್ತು ಅದೇ ಜಾತಿಗೆ ಸರ್ಟಿಫಿಕೇಟು ಕೊಡಿ ಎಂದು ಅವರು ಕೈಮುಗಿಯುವುದನ್ನು ಕಂಡು ಬಾಲಮಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಸಾಲಿ ಕಾಗದ ಐತೇನು?” ಎಂದರು ತಹಶೀಲ್ದಾರರು.

“ಸಾಲಿಗಿ ನಾವು ಕಳಿಸಿದ್ರಲ್ಲ ರೀ! ನಮ್ಮಪ್ಪನ ಕಾಲದಿಂದ ಇಕಿ ಮಂದಿಗಿ ನಮ್ಮ ಹೊಸ್ತಿಲಾ ದಾಟಲಾಕ ಬಿಟ್ಟಿಲ್ಲ. ಬೇಕಾದ್ರ ಬರದು ಸಹಿ ಮಾಡಿ ಕೊಡ್ತೀನಿ.”

ಪೆನ್ನು ತೆಗೆದೇಬಿಟ್ಟರು. ಗುಮಾಸ್ತ ಓಡಿಬಂದು ಕೈ ಹಿಡಿದ. “ಹಂಗ ಬರದ್ರ ಜೇಲಿಗಿ ಹೋಗ್ತೀರಿ ಪಟೇಲ್ರ!”

ಕೊನೆಗೆ ಊರವರ ಹೇಳಿಕೆಯ ಮೇಲೆ ಸರ್ಟಿಫಿಕೇಟು ಸಿಕ್ಕಿತು.

ತೆಲಂಗಾಣ ಬಂತೆಂದು ಊರೆಲ್ಲ ಗುಲಾಲು ಎರಚಿ ಎರಡು ತಿಂಗಳಾಗಿರಲಿಲ್ಲ, ಅಷ್ಟರಲ್ಲೇ ಎಮ್ಮೆಲ್ಲೆ ಚುನಾವಣೆ. ಕ್ಷೇತ್ರ ಮೀಸಲು, ಪಟೇಲರು ನಿಲ್ಲುವಂತಿಲ್ಲ. ಹಾಗೆಂದು ಸುಮ್ಮನಿರುವ ಜನವೇ? ಬಾಲಮಣಿಯನ್ನು ನಿಲ್ಲಿಸುವುದು, ಕೇರಿಯ ವೋಟು ಒಡೆಯುತ್ತದೆ ಎಂದು ಪಾರ್ಟಿಯವರನ್ನು ಹೆದರಿಸುವುದು, ಮಗನಿಗೆ ಮಾರ್ಕೆಟ್ ಕಮಿಟಿಯ ಚೇರ್ಮನ್‌ಗಿರಿ ಮಾತಾದ ಕೂಡಲೇ ಅವಳ ಹೆಸರು ವಾಪಸ್ ತೆಗೆಸುವುದು, ಇದು ಅವರ ಲೆಕ್ಕಾಚಾರ. ಬಾಲಮಣಿಗೆ ಹೇಳಿದ್ದು ಒಂದೇ ಮಾತು: “ಹೇಳಿದಲ್ಲಿ ಸಹಿ ಮಾಡು, ಬಾಯಿ ಮುಚ್ಕೊಂಡಿರು.”

ಅವಳ ಜೊತೆ ಕಬ್ಬು ಕಡಿಯುವ ಹತ್ತು ಜನ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದರು. ಆಮೇಲೆ ಕೇರಿಯಲ್ಲಿ ನಗೆಯೋ ನಗೆ. ಬಾಲಮಣಿ ನೀರಿಗೆ ಹೋದರೆ “ಎಮ್ಮೆಲ್ಲೆ ಮೇಡಂಗ ಹಾದಿ ಬಿಡ್ರಲೇ” ಎನ್ನುವರು. ಅವಳೂ ನಗುವಳು. ಆದರೆ ಒಂದು ಮುಂಜಾನೆ ಮುದುಕಿ ಚಂದ್ರಾಬಾಯಿ ಕೋಲೂರಿಕೊಂಡು ಬಂದು ಎದುರಿಗೆ ಕುಳಿತಳು.

“ಇಷ್ಟು ವರ್ಷ ಆ ಭಾಡ್ಯಾ ಪಟೇಲ ತೋರಿಸಿದಲ್ಲೇ ಒತ್ತೀನವ್ವ. ಒಂದ್ಸಲ ನಮ್ಮಾಕಿಗಿ ಒತ್ತಿ ಸಾಯ್ತೀನಿ. ನಿನ್ನ ಹೆಸರು ಇರ್ತದಲ್ಲ?”

ಬಾಲಮಣಿಗೆ ನಗು ಬರಲಿಲ್ಲ. ಇರಬೇಕು ಅನ್ನಿಸಿತು. ಗೆಲ್ಲುವ ಹುಚ್ಚು ಅವಳಿಗಿರಲಿಲ್ಲ. ವೋಟಿನ ಮಷೀನಿನ ಮೇಲೆ ತನ್ನ ಹೆಸರೊಂದು ಇರಲಿ ಎಂಬ ಆಸೆ ಮಾತ್ರ ಹೊಟ್ಟೆಯೊಳಗೆ ಕುಳಿತು ಏಳಲೊಲ್ಲದಾಯಿತು.

ವಾಪಸ್ ತೆಗೆಯುವ ಕೊನೆಯ ದಿನ ಚೇರ್ಮನ್‌ಗಿರಿ ಕುದುರಿತು. ಪಟೇಲರು ಅವಳನ್ನು ಜೀಪಿನ ಹಿಂದೆ ಕೂರಿಸಿಕೊಂಡು ಚುನಾವಣಾ ಕಚೇರಿಗೆ ತಂದು ಕೈಗೆ ಕಾಗದ ತುರುಕಿದರು.

“ಮೂರರೊಳಗ ಸಹಿ ಮಾಡಿ ಕೊಟ್ಟು ಬಾ. ಮೂರು ದಾಟ್ತೋ, ನಿನ್ನ ಗುಡಿಸಲು ನನ್ನ ಜಾಗದಾಗ ಐತಿ, ನೆನಪಿರಲಿ. ಇವತ್ತೇ ಕೀಳಿಸ್ತೀನಿ, ರಂಡಿ.”

ಒಳಗೆ ಹೋಗಲು ಪಟೇಲರನ್ನು ಪೊಲೀಸು ಬಿಡಲಿಲ್ಲ. “ಅಭ್ಯರ್ಥಿ ಒಬ್ಬರೇ ರೀ.”

ಬಾಲಮಣಿ ಒಳಗೆ ಹೋದಳು. ಗಡಿಯಾರದಲ್ಲಿ ಎರಡೂವರೆ. ಅಧಿಕಾರಿ ಕುರ್ಚಿ ತೋರಿಸಿದರು. ಅವಳು ಕುಳಿತು, ಕಾಗದ ಮಡಚಿ ತೊಡೆಯ ಕೆಳಗಿಟ್ಟುಕೊಂಡಳು.

“ವಾಪಸ್ ತಗೊಳಾಕ ಬಂದೀರೇನಮ್ಮ?”

“ಇಲ್ಲರಿ. ಕುಂದರಾಕ ಬಂದೀನಿ.”

“ಅಂದ್ರ?”

“ತೆಲಂಗಾಣ ಬಂದ್ ಇದ್ದಾಗ ಪಟೇಲ್ರೇ ನಮಗ ಹೈವೇ ಮ್ಯಾಲ ಕುಂದರಿಸ್ತಿದ್ರು. ಬಿಸಲಾಗ ನಾವು, ಭಾಷಣಕ್ಕ ಅವರು. ಪೊಲೀಸ್ರು ಎಬ್ಬಿಸಿದ್ರೂ ಏಳಬಾರದು ಅಂತ ಕಲಿಸ್ಯಾರ್ರಿ. ಇಲ್ಲಿ ಫ್ಯಾನ್ ಬ್ಯಾರೆ ಐತಿ.”

ಅಧಿಕಾರಿ ಕೆಮ್ಮಿದಂತೆ ಮಾಡಿ ಫೈಲಿನಲ್ಲಿ ಮುಖ ಹುದುಗಿಸಿದರು. ಕಿಟಕಿಯ ಹೊರಗೆ ಪಟೇಲರು ಮೊದಲು ಕೈಗಡಿಯಾರ ತೋರಿಸಿದರು, ಆಮೇಲೆ ಮುಷ್ಟಿ, ಆಮೇಲೆ ಚಪ್ಪಲಿ. ಮೂರಕ್ಕೆ ಐದು ನಿಮಿಷವಿದ್ದಾಗ ಎರಡೂ ಕೈ ಜೋಡಿಸಿದರು. ಗುಡಿಸಲು ಹೋಗುತ್ತದೆ, ಅದು ಬಾಲಮಣಿಗೆ ಗೊತ್ತು. ಆದರೂ ಏಳಲಿಲ್ಲ. ಮೂರು ಹೊಡೆಯಿತು. ಕಣದಲ್ಲಿ ಉಳಿದವರಿಗೆ ಚುನಾವಣಾ ಗುರುತು ಹಂಚಿದಾಗ ಅವಳಿಗೆ ಹೊಲಿಗೆ ಮಷೀನು ಸಿಕ್ಕಿತು.

ಹೊರಗೆ ಜೀಪು ಇರಲಿಲ್ಲ. ಆಟೋ ಹಿಡಿದು, ಆಮೇಲೆ ನಡೆದು ಊರು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಪಟೇಲರು ಆಡಿದ ಮಾತಿಗೆ ತಪ್ಪುವವರಲ್ಲ. ಗುಡಿಸಲಿನ ತಡಿಕೆಗಳು ನೆಲಕ್ಕೆ ಬಿದ್ದಿದ್ದವು. ಬೋಗುಣಿ, ಕೌದಿ, ಅಂಬೇಡ್ಕರರ ಪಟ ಎಲ್ಲ ದಾರಿಯಲ್ಲಿದ್ದವು. ಗಂಡ ಹಣಮಯ್ಯ ಒಲೆಗಲ್ಲಿನ ಮೇಲೆ ತಲೆ ಹಿಡಿದು ಕುಳಿತಿದ್ದ. ಕೊನೆಯ ಕಂಬಕ್ಕೆ ಹಗ್ಗ ಬಿಗಿದ ಟ್ರ್ಯಾಕ್ಟರು ಗುಡುಗುಡು ಎನ್ನುತ್ತಿತ್ತು. ನೋಡಲು ಕೇರಿ, ಊರು, ಪಕ್ಕದ ತಾಂಡಾ ಎಲ್ಲ ಸೇರಿತ್ತು. ಜನದ ನಡುವೆ ಪಟೇಲರು ಮೀಸೆ ತಿರುವುತ್ತ ನಿಂತಿದ್ದರು.

ಬಾಲಮಣಿ ಕಂಬ ನೋಡಿದಳು. ಕಣ್ಣು ತುಂಬಿ ಬಂದವು. ಆಮೇಲೆ ಜನರನ್ನು ನೋಡಿದಳು. ಇಷ್ಟು ಮಂದಿ ಯಾವ ಪಾರ್ಟಿಯ ಸಭೆಗೂ ಸೇರಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿದ್ದ ತಡಿಕೆಗಳ ರಾಶಿ ಹತ್ತಿದಳು.

“ಅಣ್ಣಗೋಳ್ರ, ಅಕ್ಕಗೋಳ್ರ, ನಾ ಬಾಲಮಣಿ, ಎಮ್ಮೆಲ್ಲೆಗಿ ನಿಂತೀನಿ. ನನ್ನ ಗುರುತು—”

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಅವಳು ಟ್ರ್ಯಾಕ್ಟರಿನ ಕಡೆ ತಿರುಗಿದಳು.

“ಕಾಶಿರಾಮಣ್ಣ, ಜರಾ ಬಂದ್ ಮಾಡಪ್ಪ. ಮಾತು ಕೇಳಸಂಗಿಲ್ಲ ಮಂದಿಗಿ.”

ಕಾಶಿರಾಮ ಪಟೇಲರ ಡ್ರೈವರು. ಅವನು ಪಟೇಲರ ಮುಖ ನೋಡಿದ. ಬಾಲಮಣಿಯ ಮುಖ ನೋಡಿದ. ಕೈ ಚಾಚಿ ಇಂಜಿನ್ ಆರಿಸಿದ.