ಒಂದೇ ರಾಶಿ

ಕಾಮಗೆರೆಯ ರಾಚಮ್ಮನ ಸೆರಗಿನ ತುದಿಯಲ್ಲಿ ಗಂಟುಹಾಕಿದ್ದ ಬೀಗದಕೈ ಮೂರು ದಿನದಿಂದ ಅವಳ ಜೀವ ಹಿಂಡುತ್ತಿತ್ತು. ಅದು ಊರಿನ ಹಳೆಯ ಹುಳುಮನೆಯ ಬೀಗದ್ದು. ಒಳಗಿದ್ದದ್ದು ಹದಿನೇಳು ಮನೆಗಳ ರೇಷ್ಮೆಗೂಡು, ಎಲ್ಲ ಒಂದೇ ರಾಶಿ.

ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷವಾಗಿದ್ದರೂ ಅಲ್ಲಿ ಇವರ ಗೂಡು ಕೊಳ್ಳುವ ಮಂಡಿ ಸಾಹುಕಾರನ ಮೋಸದ ತಕ್ಕಡಿ ಬದಲಾಗಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟವನು ಮಾತ್ರ ರಾಚಮ್ಮನ ಗಂಡ ಚಿಕ್ಕಸಿದ್ದಯ್ಯ. ಸಾಹುಕಾರ ಅವನ ಮೇಲೆ ಕಳವಿನ ದೂರು ಕೊಟ್ಟ, ಅವನು ಜೈಲು ಸೇರಿದ. ದೂರು ವಾಪಸಾಗುವ ತನಕ ಒಂದು ಗೂಡನ್ನೂ ಮಾರುವುದಿಲ್ಲ ಎಂದು ಊರು ಪಟ್ಟುಹಿಡಿಯಿತು. ಊರಿನ ಪಟ್ಟು ಸಡಿಲವಾಗಲು ಎಷ್ಟು ಹೊತ್ತು ಬೇಕು? ಅದನ್ನರಿತ ಹಿರಿಯ ಶಿವನಂಜಯ್ಯ, ಯಾರದೆಷ್ಟೆಂದು ತೂಗದೆ ಎಲ್ಲರ ಗೂಡನ್ನೂ ಒಟ್ಟಿಗೆ ಸುರಿಸಿಬಿಟ್ಟ. ಕದ್ದು ಮಾರೋಣವೆಂದರೆ ಯಾರಿಗೂ ತನ್ನದೆಂಬುದೇ ಉಳಿಯಲಿಲ್ಲ. ಬೀಗದಕೈ ರಾಚಮ್ಮನಿಗೆ ಬಂತು.

ಆದರೆ ಗೂಡಿನೊಳಗಿನ ಹುಳು ಊರಿನ ನ್ಯಾಯಕ್ಕೆ ಕಾಯುತ್ತದೆಯೇ? ನಾಳೆಯೋ ನಾಡಿದ್ದೋ ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ. ತೂತುಬಿದ್ದ ಗೂಡಿನಿಂದ ನೂಲು ತೆಗೆಯಲಾಗದು. ಸಾಹುಕಾರ ಅದನ್ನೇ ಎದುರುನೋಡುತ್ತ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ. ಇತ್ತ ಪಕ್ಕದ ಮನೆಯ ಮುದುಕಿ ಕೆಂಪಾಜಮ್ಮನ ಒಲೆ ಹಿಂದಿನ ದಿನ ಹೊತ್ತಿರಲಿಲ್ಲ. ಅದನ್ನು ಕಂಡ ರಾಚಮ್ಮ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತನ್ನೊಬ್ಬಳ ಗಂಡನಿಗಾಗಿ ಊರೆಲ್ಲ ಹಾಳಾಗಬೇಕೇ?

ನಾಲ್ಕನೆಯ ಬೆಳಿಗ್ಗೆ ಅವಳು ಬೀಗ ತೆಗೆದು, ಮನೆಮನೆಗೂ ಹೋಗಿ ಕೈಮುಗಿದಳು. ತಗೊಂಡು ಹೋಗಿ ಮಾರಿಕೊಳ್ಳಿ, ನಮ್ಮನೆಯವರ ಹಣೆಬರಹ ಅವರಿಗಿರಲಿ ಎಂದಳು. ಎಲ್ಲರೂ ಬಂದರು, ಬುಟ್ಟಿ ಹಿಡಿದೇ ಬಂದರು. ತಾನೇ ಕರೆದವಳಾದರೂ, ಆ ಬುಟ್ಟಿಗಳನ್ನು ಕಂಡು ರಾಚಮ್ಮನ ಎದೆ ಒಡೆಯಿತು.

ರಾಶಿಯ ಮುಂದೆ ಯಾರೂ ಬಗ್ಗಲಿಲ್ಲ. ಮೊದಲು ಕೈಹಾಕುವವರು ಯಾರೆಂದು ಒಬ್ಬರನ್ನೊಬ್ಬರು ನೋಡಿದರು. ಕೊನೆಗೆ ಕೆಂಪಾಜಮ್ಮ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಇನ್ನೂ ಕೆಟ್ಟಿರಲಿಲ್ಲ, ಇವತ್ತು ಮಾರಬಹುದಿತ್ತು. ಅವಳು ಅದನ್ನು ಮೆಲ್ಲಗೆ ರಾಶಿಗೇ ಹಾಕಿದಳು.

"ಇದ್ರಲ್ಲಿ ನಂದ್ಯಾವ್ದು ಅಂತ ಗೊತ್ತಾಯ್ತಿಲ್ಲ ಕಣವ್ವ. ನಿನ್ ಗಂಡ ಬಂದ್ಮ್ಯಾಕೆ ಪಾಲಾಕ್ಲಿ. ಬಾಗ್ಲಾಕು."

ಹದಿನೇಳು ಪಾಲು ಮಾಡುವುದು ಯಾರಿಗೆ ಬರುವುದಿಲ್ಲ? ಆ ಮಾತನ್ನು ಒಬ್ಬರೂ ಎತ್ತಲಿಲ್ಲ. ಖಾಲಿ ಬುಟ್ಟಿ ಹೊತ್ತು ಹೊರಟುಹೋದರು. ರಾಚಮ್ಮ ಮತ್ತೆ ಬೀಗ ಹಾಕಿ ಬೀಗದಕೈಯನ್ನು ಸೆರಗಿಗೆ ಗಂಟುಹಾಕಿಕೊಂಡಳು.

ಮರುದಿನ ಮಧ್ಯಾಹ್ನ ಹುಳುಮನೆಯೊಳಗಿಂದ ರೆಕ್ಕೆ ಬಡಿಯುವ ಸದ್ದು ಬಂತು. ಚಿಕ್ಕಸಿದ್ದಯ್ಯ ಇನ್ನೂ ಬಂದಿರಲಿಲ್ಲ. ಎಲ್ಲರೂ ಜಗಲಿಯ ಮೇಲೆ ಕೂತು ಆ ಸದ್ದು ಕೇಳುತ್ತಿದ್ದರು. ಅವರ ನಡುವೆ ರಾಚಮ್ಮ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಕೆಂಪಾಜಮ್ಮ ಅವಳ ಸೆರಗಿನ ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದಳು.